ನ್ಗೋಕ್ ಡಿಂಕಾ

ನ್ಗೋಕ್ ಡಿಂಕಾ ಎಂಬುದು ಸುಡಾನ್ ಮತ್ತು ದಕ್ಷಿಣ ಸುಡಾನ್ ದೇಶಗಳ ನಡುವಿನ ಅಬ್ಯೇ ಪ್ರದೇಶದಲ್ಲಿ ನೆಲೆಸಿರುವ ಒಂದು ಗ್ರಾಮೀಣ ಸಮುದಾಯ. ಇದು ನೈಲೋಟಿಕ್ ಭಾಷೆಯನ್ನಾಡುವ ಡಿಂಕಾ ಜನಾಂಗದ ಉತ್ತರದಂಚಿನ ಶಾಖೆಗಳಲ್ಲಿ ಒಂದು. ಪಶುಪಾಲನೆ ಮತ್ತು ಜೋಳದ ಬೇಸಾಯ ಇವರ ಮುಖ್ಯ ವೃತ್ತಿಗಳು. ಸಮುದಾಯವು ಒಂಬತ್ತು ಉಪವಿಭಾಗಗಳಾಗಿ ಹಂಚಿಕೊಂಡಿದೆ. ಮೂಲತಃ ಬಂಧುತ್ವ ಮತ್ತು ದನಕರುಗಳ ವ್ಯವಸ್ಥೆಗೆ ಸಂಬಂಧಿಸಿದ ಈ ವಿಭಜನೆಯು 2005ರ ಶಾಂತಿ ಒಪ್ಪಂದದಲ್ಲಿ ಒಂದು ಭೂಪ್ರದೇಶದ ಕಾನೂನುಬದ್ಧ ವ್ಯಾಖ್ಯೆಯಾಯಿತು. ಆದ್ದರಿಂದ ಅಬ್ಯೇ ವಿವಾದವನ್ನು ತಿಳಿಯಲು ಈ ಸಮುದಾಯದ ಒಳರಚನೆಯನ್ನು ತಿಳಿಯುವುದು ಅಗತ್ಯ.

ಹೆಸರು ಮತ್ತು ನೆಲೆ

ಡಿಂಕಾ ಎಂಬುದು ಹೊರಗಿನವರು ಬಳಸುವ ಹೆಸರು; ಈ ಜನರು ತಮ್ಮನ್ನು ‘ಜಿಯೆಂಗ್’ ಎಂದು ಕರೆದುಕೊಳ್ಳುತ್ತಾರೆ. ದಕ್ಷಿಣ ಸುಡಾನಿನ ಸೋಬಾತ್ ನದಿಯ ಬಳಿಯೂ ನ್ಗೋಕ್ ಎಂಬ ಹೆಸರಿನ ಮತ್ತೊಂದು ಡಿಂಕಾ ಗುಂಪು ಇದೆ. ಪ್ರಸ್ತುತ ಲೇಖನವು ಅಬ್ಯೇ ಪ್ರದೇಶದ ನ್ಗೋಕ್ ಜನರಿಗೆ ಸಂಬಂಧಿಸಿದ್ದಾಗಿದೆ.

ಇವರ ಬದುಕಿನ ಆಧಾರ ಕೀರ್ ನದಿ. ಅರಬ್ಬಿಯಲ್ಲಿ ಇದಕ್ಕೆ ಬಹ್ರ್ ಎಲ್ ಅರಬ್ ಎಂಬ ಹೆಸರಿದೆ. ಮಳೆಗಾಲದಲ್ಲಿ ತಗ್ಗು ಭೂಮಿ ನೀರಿನಿಂದ ಆವೃತವಾಗುವುದರಿಂದ ಶಾಶ್ವತ ಹಳ್ಳಿಗಳು ಎತ್ತರದ ನೆಲದಲ್ಲಿವೆ. ಅಲ್ಲಿ ಜೋಳ, ಎಳ್ಳು ಮೊದಲಾದ ಬೆಳೆಗಳನ್ನು ಬೆಳೆಯುತ್ತಾರೆ. ದನಗಳನ್ನು ‘ಲುವಾಕ್’ ಎಂಬ ದೊಡ್ಡ ಹುಲ್ಲುಮಾಡಿನ ಕೊಟ್ಟಿಗೆಗಳಲ್ಲಿ ಕಟ್ಟುತ್ತಾರೆ. ನೆರೆ ಇಳಿದ ಮೇಲೆ ಯುವಕರು ದನಗಳನ್ನು ನದಿಬದಿಯ ‘ತೋಚ್’ ಎಂಬ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಬೇಸಿಗೆಯನ್ನು ಅಲ್ಲಿನ ದನದ ಬೀಡುಗಳಲ್ಲಿ ಕಳೆಯುತ್ತಾರೆ. ಇದೇ ಬೇಸಿಗೆಯಲ್ಲಿ ಉತ್ತರದಿಂದ ಮಿಸ್ಸಿರಿಯಾ ಎಂಬ ಅರಬ್ಬಿ ಭಾಷಿಕ ಅಲೆಮಾರಿ ಪಶುಪಾಲಕರು ತಮ್ಮ ಹಿಂಡುಗಳೊಂದಿಗೆ ಇದೇ ನದಿಯ ನೀರಿಗೂ ಮೇವಿಗೂ ಬರುತ್ತಾರೆ.

ವುತ್ ಮತ್ತು ಕುಲ

ಡಿಂಕಾ ಭಾಷೆಯಲ್ಲಿ ‘ವುತ್’ ಎಂದರೆ ದನದ ಬೀಡು. ಒಂದೇ ಬೀಡಿನಲ್ಲಿ ಕೂಡಿ ದನ ಕಾಯುವ ರಾಜಕೀಯ ಗುಂಪಿಗೂ ಅದೇ ಹೆಸರು. ಅಬ್ಯೋರ್, ಅಚಾಕ್, ಅಚುಯೆಂಗ್, ಅಲೇ, ಅನ್ಯೇಲ್, ಬೊಂಗೊ, ಡೀಲ್, ಮನ್ಯುವಾರ್ ಮತ್ತು ಮರೆಂಗ್ ಎಂಬುವು ನ್ಗೋಕ್ ಸಮುದಾಯದ ಒಂಬತ್ತು ವುತ್‌ಗಳು. ಪ್ರತಿಯೊಂದು ವುತ್‌ಗೂ ತನ್ನದೇ ಮುಖ್ಯಸ್ಥನಿದ್ದಾನೆ. ಒಂಬತ್ತಕ್ಕೂ ಸೇರಿ ಒಬ್ಬ ಪರಮೋಚ್ಚ ನಾಯಕನಿರುವುದು ನ್ಗೋಕ್ ಸಮುದಾಯದ ವೈಶಿಷ್ಟ್ಯ. ಬಹುತೇಕ ಇತರ ಡಿಂಕಾ ಗುಂಪುಗಳಲ್ಲಿ ಇಂತಹ ಕೇಂದ್ರೀಕೃತ ನಾಯಕತ್ವ ಇರಲಿಲ್ಲ.

ವುತ್ ಮತ್ತು ಕುಲ ಒಂದೇ ಅಲ್ಲ. ಕುಲವು ಒಬ್ಬ ಮೂಲಪುರುಷನಿಂದ ತಂದೆಯ ಕಡೆಯ ಸಾಲಿನಲ್ಲಿ ಬಂದವರ ಗುಂಪು. ಒಂದು ವುತ್‌ನಲ್ಲಿ ಹಲವು ಕುಲಗಳವರು ವಾಸಿಸುತ್ತಾರೆ. ಒಂದೇ ಕುಲದವರು ಬೇರೆ ಬೇರೆ ವುತ್‌ಗಳಲ್ಲಿಯೂ ಇರಬಹುದು. ಕುಲದ ಕೆಳಗಿನ ಘಟಕ ‘ಗೋಲ್’. ಕೊಟ್ಟಿಗೆಯ ಬಳಿ ಸಗಣಿ ಉರಿಸಿ ಹೊಗೆ ಹಾಕುವ ಒಲೆಗೆ ಈ ಹೆಸರಿದ್ದು, ಆ ಒಲೆಯ ಸುತ್ತ ಸೇರುವ ಬಂಧುಗಳನ್ನೂ ಅದು ಸೂಚಿಸುತ್ತದೆ.

ಕುಲಗಳಿಗೆ ‘ಯಾಥ್’ ಎಂಬ ಕುಲದೈವಗಳಿವೆ. ಪ್ರಾಣಿ, ಸಸ್ಯ ಅಥವಾ ನಿಸರ್ಗದ ಬೇರೊಂದು ರೂಪ ಅದರ ಲಾಂಛನವಾಗಿರುತ್ತದೆ. ಕುಲದವರು ಅದಕ್ಕೆ ಹಾನಿ ಮಾಡುವುದಿಲ್ಲ. ಇವೆಲ್ಲಕ್ಕೂ ಮೇಲಿನ ಪರಮ ದೈವವನ್ನು ‘ನ್ಹಿಯಾಲಿಚ್’ ಎಂದು ಕರೆಯುತ್ತಾರೆ. ಮಾನವಶಾಸ್ತ್ರಜ್ಞ ಗಾಡ್‌ಫ್ರಿ ಲೀನ್‌ಹಾರ್ಟ್ 1961ರಲ್ಲಿ ಪ್ರಕಟಿಸಿದ ಡಿಂಕಾ ಧರ್ಮದ ಅಧ್ಯಯನದಲ್ಲಿ, ಕುಲಗಳನ್ನು ಪವಿತ್ರ ಈಟಿಯ ಒಡೆತನವುಳ್ಳ ಪುರೋಹಿತ ಕುಲಗಳು ಮತ್ತು ಯೋಧ ಕುಲಗಳು ಎಂದು ಎರಡಾಗಿ ಗುರುತಿಸಿದ್ದಾರೆ. ಪ್ರಾರ್ಥನೆ, ಬಲಿ ಮತ್ತು ಜಗಳಗಳ ಪರಿಹಾರ ಮೊದಲ ವರ್ಗದವರ ಹೊಣೆ.

ನ್ಗೋಕ್ ಪರಮೋಚ್ಚ ನಾಯಕತ್ವವು ಅಬ್ಯೋರ್ ವುತ್‌ನ ಪಾಜೋಕ್ ವಂಶಕ್ಕೆ ಸೇರಿದೆ. ಐತಿಹ್ಯದ ಪ್ರಕಾರ ಮೂಲಪುರುಷ ಜೋಕ್ ಜನರನ್ನು ಮುನ್ನಡೆಸುತ್ತಿದ್ದಾಗ ಜಲದ ಶಕ್ತಿಗಳು ದಾರಿಯನ್ನು ತಡೆದವು. ಅವನು ತನ್ನ ಮಗಳು ಅಚಾಯಿಯನ್ನು ಅವುಗಳಿಗೆ ಅರ್ಪಿಸಿದನು. ನೀರು ಇಬ್ಭಾಗವಾಗಿ ಜನರು ದಾಟಿದರು. ವಂಶದ ಅಧಿಕಾರಕ್ಕೆ ಈ ತ್ಯಾಗವೇ ಆಧಾರವೆಂದು ನಂಬಲಾಗುತ್ತದೆ.

ದನಕರು ಮತ್ತು ವಿವಾಹ

ಒಂದೇ ಕುಲದವರ ನಡುವೆ ವಿವಾಹ ನಿಷಿದ್ಧ. ವರನ ಕಡೆಯವರು ವಧುವಿನ ಕಡೆಗೆ ದನಗಳನ್ನು ತೆರವಾಗಿ ಕೊಡಬೇಕು. ಈ ದನಗಳನ್ನು ವರನ ಅನೇಕ ಬಂಧುಗಳು ಕೂಡಿ ಒದಗಿಸುತ್ತಾರೆ. ವಧುವಿನ ಬಂಧುಗಳೂ ಹಾಗೆಯೇ ಹಂಚಿಕೊಳ್ಳುತ್ತಾರೆ. ಹೀಗಾಗಿ ಒಂದು ವಿವಾಹವು ಎರಡು ಕುಲಗಳನ್ನು ದೀರ್ಘಕಾಲದ ಕೊಡುಕೊಳೆಯಲ್ಲಿ ಬೆಸೆಯುತ್ತದೆ. ಸಂತಾನವಿಲ್ಲದೆ ಸತ್ತವನ ಹೆಸರಿನಲ್ಲಿ ಅವನ ಸಹೋದರ ಅಥವಾ ಬಂಧು ವಿವಾಹವಾಗುವ ಪದ್ಧತಿಯೂ ಇದೆ. ಆ ದಾಂಪತ್ಯದಲ್ಲಿ ಹುಟ್ಟಿದ ಮಕ್ಕಳು ಸತ್ತವನ ಮಕ್ಕಳೆಂದೇ ಪರಿಗಣಿತರಾಗುತ್ತಾರೆ. ವಂಶದ ಹೆಸರು ಅಳಿಯಬಾರದೆಂಬುದು ಇದರ ಉದ್ದೇಶ. ಹಿಂಡು ಕಳೆದುಹೋದರೆ ಆಹಾರದೊಂದಿಗೆ ವಿವಾಹದ ಮಾರ್ಗವೂ ಬಂಧುತ್ವದ ಜಾಲವೂ ಕುಸಿಯುತ್ತವೆ.

1905ರ ವರ್ಗಾವಣೆ

ಆಂಗ್ಲೋ–ಈಜಿಪ್ಟ್ ಆಡಳಿತವು 1905ರಲ್ಲಿ ನ್ಗೋಕ್ ಜನರನ್ನು ಬಹ್ರ್ ಎಲ್ ಗಝಲ್ ಪ್ರಾಂತ್ಯದಿಂದ ಕೊರ್ಡೊಫಾನ್ ಪ್ರಾಂತ್ಯಕ್ಕೆ ವರ್ಗಾಯಿಸಿತು. ಅರಬ್ ದಾಳಿಗಳ ಬಗ್ಗೆ ಡಿಂಕಾ ನಾಯಕರು ದೂರು ನೀಡಿದ್ದರು. ದಾಳಿಕೋರರೂ ದಾಳಿಗೊಳಗಾದವರೂ ಒಂದೇ ಪ್ರಾಂತ್ಯದ ಅಧಿಕಾರಿಯ ಕೆಳಗಿದ್ದರೆ ನಿಯಂತ್ರಣ ಸುಲಭವೆಂಬುದು ಆಡಳಿತದ ಲೆಕ್ಕಾಚಾರ. ಜನಾಂಗದಿಂದ ದಕ್ಷಿಣಕ್ಕೆ ಸೇರಿದ ಸಮುದಾಯವು ಆಡಳಿತದಲ್ಲಿ ಉತ್ತರಕ್ಕೆ ಸೇರಿದ್ದು ಹೀಗೆ.

ಕುವೋಲ್ ಅರೋಬ್ ಮತ್ತು ಅವನ ಮಗ ಡೆಂಗ್ ಮಜೋಕ್ ಅವರ ಕಾಲದಲ್ಲಿ ಮಿಸ್ಸಿರಿಯಾ ನಾಯಕರೊಂದಿಗೆ ಮಾತುಕತೆಯ ಮೂಲಕ ಮೇವು, ನೀರಿನ ಹಂಚಿಕೆ ನಡೆಯುತ್ತಿತ್ತು. 1951ರಲ್ಲಿ ದಕ್ಷಿಣಕ್ಕೆ ಮರಳುವ ಅವಕಾಶ ಬಂದಾಗ ಡೆಂಗ್ ಮಜೋಕ್ ಕೊರ್ಡೊಫಾನಿನಲ್ಲಿ ಉಳಿಯಲು ತೀರ್ಮಾನಿಸಿದನು. ಅಂತರ್ಯುದ್ಧದ ಪರಿಣಾಮವಾಗಿ 1965ರಿಂದ ಎರಡು ಸಮುದಾಯಗಳ ಸಂಬಂಧ ತೀವ್ರವಾಗಿ ಹದಗೆಟ್ಟಿತು. ಡೆಂಗ್ ಮಜೋಕ್ 1969ರಲ್ಲಿ ನಿಧನನಾದನು. ಅವನ ಮಗ, ವಿದ್ವಾಂಸ ಹಾಗೂ ರಾಜತಾಂತ್ರಿಕ ಫ್ರಾನ್ಸಿಸ್ ಮಾಡಿಂಗ್ ಡೆಂಗ್ ಅವರ ಗ್ರಂಥಗಳು ನ್ಗೋಕ್ ಸಮಾಜದ ಕುರಿತಾದ ಪ್ರಮುಖ ಆಕರಗಳಾಗಿವೆ.

ಗಡಿ ವಿವಾದ

1972ರ ಅಡಿಸ್ ಅಬಾಬಾ ಒಪ್ಪಂದವು ಇಂತಹ ಪ್ರದೇಶಗಳಿಗೆ ಜನಮತಗಣನೆಯ ಅವಕಾಶ ನೀಡಿತ್ತು; ಅಬ್ಯೇಯಲ್ಲಿ ಅದು ನಡೆಯಲಿಲ್ಲ. 1983ರಲ್ಲಿ ಮತ್ತೆ ಯುದ್ಧ ಆರಂಭವಾಯಿತು. ಅದನ್ನು ಕೊನೆಗೊಳಿಸಿದ 2005ರ ಸಮಗ್ರ ಶಾಂತಿ ಒಪ್ಪಂದವು ಅಬ್ಯೇಯನ್ನು “1905ರಲ್ಲಿ ಕೊರ್ಡೊಫಾನಿಗೆ ವರ್ಗಾವಣೆಗೊಂಡ ಒಂಬತ್ತು ನ್ಗೋಕ್ ಡಿಂಕಾ ನಾಯಕತ್ವಗಳ ಪ್ರದೇಶ” ಎಂಬ ಅರ್ಥದಲ್ಲಿ ವ್ಯಾಖ್ಯಾನಿಸಿತು.

ಈ ವಾಕ್ಯವನ್ನು ಎರಡು ರೀತಿಯಲ್ಲಿ ಓದಲು ಸಾಧ್ಯವಿತ್ತು. ವರ್ಗಾವಣೆಯಾದದ್ದು ನಿರ್ದಿಷ್ಟ ಭೂಮಿ ಎಂದಾದರೆ, ಕೀರ್ ನದಿಯ ದಕ್ಷಿಣದ ಚಿಕ್ಕ ಭಾಗ ಮಾತ್ರ ಅಬ್ಯೇ ಆಗುತ್ತದೆ. ಇದು ಸುಡಾನ್ ಸರ್ಕಾರದ ವಾದ. ವರ್ಗಾವಣೆಯಾದದ್ದು ಒಂಬತ್ತು ವುತ್‌ಗಳು ಎಂದಾದರೆ, 1905ರಲ್ಲಿ ಅವು ವಾಸಿಸಿ ಬಳಸುತ್ತಿದ್ದ ನೆಲವೆಲ್ಲವೂ ಅಬ್ಯೇ ಆಗುತ್ತದೆ; ಇದು ದಕ್ಷಿಣದ ವಾದ. ಹೀಗೆ ಒಂದು ಶತಮಾನದ ಹಿಂದೆ ಯಾವ ವುತ್‌ನ ಹಳ್ಳಿಗಳು ಎಲ್ಲಿದ್ದವು, ದನಗಳು ಎಲ್ಲಿ ಮೇಯುತ್ತಿದ್ದವು ಎಂಬುದು ಗಡಿಯನ್ನು ನಿರ್ಧರಿಸುವ ಪ್ರಶ್ನೆಯಾಯಿತು. ತಜ್ಞರ ಗಡಿ ಆಯೋಗವು 2005ರ ಜುಲೈನಲ್ಲಿ ಎರಡನೆಯ ಅರ್ಥವನ್ನು ಒಪ್ಪಿತು. ಸುಡಾನ್ ಸರ್ಕಾರ ವರದಿಯನ್ನು ತಿರಸ್ಕರಿಸಿತು.

2008ರ ಮೇ ತಿಂಗಳಿನಲ್ಲಿ ಅಬ್ಯೇ ಪಟ್ಟಣ ಹೋರಾಟದಲ್ಲಿ ನಾಶವಾಗಿ ಸುಮಾರು 50,000 ಜನರು ನಿರಾಶ್ರಿತರಾದರು. ಬಳಿಕ ವಿವಾದವನ್ನು ಹೇಗ್ ನಗರದ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು. 2009ರ ಜುಲೈ 22ರ ತೀರ್ಪು ಸಮುದಾಯವನ್ನು ಆಧರಿಸಿದ ಅರ್ಥ ಸಮಂಜಸವೆಂದು ಹೇಳಿತು, ಆದರೆ ಆಯೋಗ ಗುರುತಿಸಿದ ಗಡಿಗಳನ್ನು ಕುಗ್ಗಿಸಿತು. ಅದರಂತೆ ಪ್ರದೇಶದ ವಿಸ್ತೀರ್ಣ ಸುಮಾರು 10,546 ಚದರ ಕಿಲೋಮೀಟರ್. ಹೆಗ್ಲಿಗ್ ತೈಲಕ್ಷೇತ್ರ ಹೊರಗುಳಿಯಿತು. ಅಲೆಮಾರಿಗಳ ಸಾಂಪ್ರದಾಯಿಕ ಮೇವಿನ ಹಕ್ಕು ಬಾಧಿತವಾಗುವುದಿಲ್ಲವೆಂದೂ ತೀರ್ಪು ಸ್ಪಷ್ಟಪಡಿಸಿತು.

2011ರ ನಂತರ

2011ರ ಜನವರಿಯಲ್ಲಿ ನಡೆಯಬೇಕಿದ್ದ ಅಬ್ಯೇ ಜನಮತಗಣನೆಯು, ಮಿಸ್ಸಿರಿಯಾ ಜನರಿಗೆ ಮತದಾನದ ಹಕ್ಕಿದೆಯೇ ಎಂಬ ಭಿನ್ನಾಭಿಪ್ರಾಯದಿಂದ ನಿಂತುಹೋಯಿತು. ಮೇ ತಿಂಗಳಿನಲ್ಲಿ ಸುಡಾನ್ ಸೇನೆ ಪಟ್ಟಣವನ್ನು ವಶಪಡಿಸಿಕೊಂಡಾಗ ಒಂದು ಲಕ್ಷಕ್ಕೂ ಹೆಚ್ಚು ಜನರು ದಕ್ಷಿಣಕ್ಕೆ ಪಲಾಯನ ಮಾಡಿದರೆಂದು ಅಂದಾಜು. ಜೂನ್‌ನಲ್ಲಿ ವಿಶ್ವಸಂಸ್ಥೆಯು ಅಬ್ಯೇಗಾಗಿ ಮಧ್ಯಂತರ ಭದ್ರತಾ ಪಡೆಯನ್ನು ರಚಿಸಿತು. ಈ ಪಡೆಯಲ್ಲಿರುವ ಭಾರತದ ತುಕಡಿಯ ಭಾಗವಾಗಿ 2023ರ ಜನವರಿಯಲ್ಲಿ ಮಹಿಳಾ ಶಾಂತಿಪಾಲಕರ ದಳವನ್ನೂ ಕಳುಹಿಸಲಾಯಿತು.

ಪರಮೋಚ್ಚ ನಾಯಕ ಕುವೋಲ್ ಡೆಂಗ್ ಕುವೋಲ್ 2013ರ ಮೇ 4ರಂದು ವಿಶ್ವಸಂಸ್ಥೆಯ ಬೆಂಗಾವಲಿನಲ್ಲಿ ಪ್ರಯಾಣಿಸುತ್ತಿದ್ದಾಗ ದಾಳಿಗೆ ಬಲಿಯಾದನು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂಬತ್ತು ವುತ್‌ಗಳ ಜನರು ತಾವೇ ಮತದಾನ ನಡೆಸಿ, ದಕ್ಷಿಣ ಸುಡಾನ್ ಸೇರಲು ಬಹುತೇಕ ಒಮ್ಮತದಿಂದ ತೀರ್ಮಾನಿಸಿದರು. ಇದನ್ನು ಎರಡೂ ದೇಶಗಳ ಸರ್ಕಾರಗಳು ಮಾನ್ಯ ಮಾಡಲಿಲ್ಲ. 2022ರಿಂದ ದಕ್ಷಿಣದ ಗಡಿಯಲ್ಲಿ ಟ್ವಿಚ್ ಡಿಂಕಾ ಜನರೊಂದಿಗೂ ಭೂಮಿಯ ವಿಷಯವಾಗಿ ಹಿಂಸಾತ್ಮಕ ಸಂಘರ್ಷಗಳು ನಡೆದಿವೆ. 2009ರ ತೀರ್ಪು ಒಂಬತ್ತು ವುತ್‌ಗಳ ನೆಲಕ್ಕೆ ಗೆರೆ ಎಳೆದಿದ್ದರೂ, ಆ ನೆಲ ಯಾವ ದೇಶಕ್ಕೆ ಸೇರಬೇಕೆಂಬುದನ್ನು ನಿರ್ಧರಿಸುವ ಜನಮತಗಣನೆ ಎರಡೂ ಸರ್ಕಾರಗಳ ಒಪ್ಪಿಗೆಯೊಂದಿಗೆ ಇನ್ನೂ ನಡೆದಿಲ್ಲ.