ಕಣಿವೆ ನೋಡಿ, ಬೆಟ್ಟದ ಮೇಲೆ ಮಲಗಿ

ಅಮೆರಿಕದ ಶಾಲೆಗಳಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ರಜೆ. ಊರಿನಿಂದ ಅಪ್ಪ–ಅಮ್ಮ ವೀಸಾ ಮಾಡಿಸಿಕೊಂಡು ಬರುವುದೂ ಹೆಚ್ಚಾಗಿ ಆಗಲೇ. ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳು ಟೆಂಟು, ಗ್ಯಾಸ್ ಸ್ಟೋವ್, ಚಟ್ನಿಪುಡಿ ಡಬ್ಬಿಗಳನ್ನು ಕಾರಿಗೆ ತುಂಬಿಕೊಂಡು ಕ್ಯಾಂಪಿಂಗ್ ಹೊರಡುವ ಕಾಲವದು. ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನ ಕಾದು ಕೆಂಡವಾಗುವುದೂ ಅದೇ ಕಾಲದಲ್ಲಿ. ಅಲ್ಲಿಗೆ ಹೋಗುವ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಹಿರಿಯರೊಬ್ಬರು ಖಂಡಿತ ಹೇಳುತ್ತಾರೆ: ‘ಕಲಬುರಗಿ ಬಿಸಿಲು ಉಂಡವರು ನಾವು, ಇದೇನು ಮಹಾ?’

ಕಲಬುರಗಿಯಲ್ಲಿ ಮೇ ತಿಂಗಳು 43–44 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ ಜುಲೈ ತಿಂಗಳ ಸರಾಸರಿ ಗರಿಷ್ಠ ತಾಪವೇ ಸುಮಾರು 47 ಡಿಗ್ರಿ. ಜಗತ್ತಿನ ಅಧಿಕೃತ ದಾಖಲೆಯಾದ 56.7 ಡಿಗ್ರಿ ಇಲ್ಲಿಯೇ, 1913ರ ಜುಲೈ 10ರಂದು ದಾಖಲಾಯಿತು. ರಾತ್ರಿಯಾದರೂ ಬಿಡುವಿಲ್ಲ. ಬೆಳಗಿನ ಜಾವಕ್ಕೂ 30 ಡಿಗ್ರಿಗಿಂತ ಕೆಳಗಿಳಿಯದ ದಿನಗಳೇ ಹೆಚ್ಚು. ಟೆಂಟಿನೊಳಗೆ ಮಕ್ಕಳು ಹೊರಳಾಡುತ್ತಾರೆಯೇ ಹೊರತು ನಿದ್ದೆ ಮಾಡುವುದಿಲ್ಲ.

ಈ ಬಿಸಿಲಿಗೆ ಕಾರಣ ನೆಲದ ರಚನೆ. ಶಾಂತಸಾಗರದ ಮೋಡಗಳು ಸಿಯೆರಾ ನೆವಾಡ ಸೇರಿದಂತೆ ಸಾಲುಸಾಲು ಪರ್ವತಗಳನ್ನು ದಾಟುವಷ್ಟರಲ್ಲಿ ಬರಿದಾಗಿಬಿಡುತ್ತವೆ. ಪಶ್ಚಿಮ ಘಟ್ಟದ ಮರೆಯಲ್ಲಿ ಚಿತ್ರದುರ್ಗ ಒಣಗುವುದೂ ಹೀಗೆಯೇ. ಆದರೆ ಇಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ ಐದಾರು ಸೆಂಟಿಮೀಟರ್ ಮಾತ್ರ. ಕಣಿವೆಯ ತಳವಾದ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಕಾದ ಗಾಳಿ ಮೇಲೇರಿದರೂ ಎರಡೂ ಕಡೆಯ ಬೆಟ್ಟಗಳ ನಡುವೆ ಸಿಕ್ಕಿಕೊಂಡು ಮತ್ತೆ ಕೆಳಗಿಳಿಯುತ್ತದೆ. ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಕಾಯುತ್ತದೆ.

ನಮ್ಮ ಹಿರಿಯರನ್ನು ಮೋಸಗೊಳಿಸುವುದು ಈ ಗಾಳಿಯ ಶುಷ್ಕತೆ. ಬೆವರು ಅಂಗಿಯನ್ನು ತೋಯಿಸುವ ಮೊದಲೇ ಆರಿಹೋಗುತ್ತದೆ. ‘ನನಗೇನೂ ಬೆವರೇ ಬರುತ್ತಿಲ್ಲವಲ್ಲ’ ಎಂದು ಅಜ್ಜ ಹೇಳುತ್ತಿರುವಾಗಲೇ ಮೈಯ ನೀರು ಸೋರಿಹೋಗುತ್ತಿರುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕಡಿಮೆ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಾದರೆ ಅಪಾಯ ಇನ್ನೂ ಹೆಚ್ಚು. ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಇನ್ಸುಲಿನ್ ಬಿಸಿಗೆ ಕೆಡುತ್ತದೆ. ಕೂಲರ್‌ನಲ್ಲಿಡಿ, ಆದರೆ ಐಸಿಗೆ ತಾಗದಂತೆ.

ಹಾಗಾದರೆ ಬೇಸಿಗೆಯಲ್ಲಿ ಅಲ್ಲಿಗೆ ಹೋಗಲೇಬಾರದೇ? ಹೋಗಬಹುದು. ಹೇಗೆಂಬುದನ್ನು ಆ ನೆಲದ ಮೂಲನಿವಾಸಿಗಳಾದ ಟಿಂಬಿಶಾ ಶೊಶೋನಿ ಜನ ನೂರಾರು ವರ್ಷಗಳಿಂದ ಬದುಕಿ ತೋರಿಸಿದ್ದಾರೆ. ಚಳಿಗಾಲದಲ್ಲಿ ಕಣಿವೆಯಲ್ಲಿದ್ದು, ಬಿಸಿಲೇರಿದಾಗ ಪ್ಯಾನಮಿಂಟ್ ಬೆಟ್ಟ ಹತ್ತುತ್ತಿದ್ದರು. ಕಣಿವೆಯಲ್ಲಿ ಮೆಸ್ಕೀಟ್ ಕಾಯಿ, ಬೆಟ್ಟದಲ್ಲಿ ಪಿನ್ಯನ್ ಪೈನ್ ಬೀಜ ಅವರ ಆಹಾರ. 1933ರಲ್ಲಿ ಈ ಪ್ರದೇಶ ರಾಷ್ಟ್ರೀಯ ಸ್ಮಾರಕವಾಯಿತು. ಮುಂದೆ, ಜನ ಬೇಸಿಗೆಗೆ ಬೆಟ್ಟ ಸೇರಿದಾಗ ಬರಿದಾಗಿ ನಿಂತ ಅವರ ಮಣ್ಣಿನ ಮನೆಗಳನ್ನು ಉದ್ಯಾನದ ಆಡಳಿತವೇ ನೀರು ಹಾಯಿಸಿ ಕರಗಿಸಿತು. ಕಣಿವೆಯಲ್ಲಿ ಬದುಕುವ ವಿವೇಕವನ್ನೇ ಮನೆ ಬಿಟ್ಟುಹೋದದ್ದಕ್ಕೆ ಸಾಕ್ಷಿ ಮಾಡಿಕೊಂಡ ಈ ಅನ್ಯಾಯ ನೆನೆದರೆ ಮನಸ್ಸು ಕುದಿಯುತ್ತದೆ. 2000ದ ಕಾಯ್ದೆಯಿಂದ ಫರ್ನೇಸ್ ಕ್ರೀಕ್‌ನಲ್ಲೇ 314 ಎಕರೆ ಅವರಿಗೆ ಮರಳಿ ಸಿಕ್ಕಿತು. ಇಂದಿಗೂ ಅವರ ಹಳ್ಳಿ ಅಲ್ಲಿದೆ.

ಅವರು ಹತ್ತಿದ ಬೆಟ್ಟಕ್ಕೇ ಇಂದು ಕಾರಿನ ದಾರಿಯಿದೆ. ವೈಲ್ಡ್‌ರೋಸ್ ಕ್ಯಾಂಪಿಂಗ್ ತಾಣ ಸುಮಾರು 1,250 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟು. ಇನ್ನೂ ಮೇಲೆ ಹೋದರೆ ಮಹಾಗನಿ ಫ್ಲ್ಯಾಟ್, ಸುಮಾರು 2,500 ಮೀಟರ್. ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರ! ಕಣಿವೆಯಲ್ಲಿ 47 ಡಿಗ್ರಿ ಇರುವ ದಿನ ಇಲ್ಲಿ ಸಂಜೆಗೆ ಸ್ವೆಟರ್ ಬೇಕಾಗಬಹುದು. ಪೈನ್ ಮರಗಳ ನೆರಳಲ್ಲಿ ಅಮ್ಮ ಅವಲಕ್ಕಿ ಕಲಸುತ್ತಾ, ಸಾವಿರಾರು ಅಡಿ ಕೆಳಗೆ ಬೆಳ್ಳಗೆ ಹೊಳೆಯುವ ಉಪ್ಪಿನ ಬಯಲನ್ನು ಮೊಮ್ಮಕ್ಕಳಿಗೆ ತೋರಿಸುವ ಸುಖ ಕಣಿವೆಯ ಟೆಂಟಿನಲ್ಲಿ ಎಲ್ಲಿಂದ ಬರಬೇಕು? ಆದರೆ ಮೇಲಿನ ತಾಣದಲ್ಲಿ ನೀರಿಲ್ಲ, ಕೊನೆಯ ದಾರಿ ಒರಟು. ತಗ್ಗಿನ ಕಾರು ಕೆಳಗೇ ಉಳಿಯಬೇಕು.

ದಾರಿಯಲ್ಲಿ ವೈಲ್ಡ್‌ರೋಸ್‌ನ ಇದ್ದಿಲು ಗೂಡುಗಳಿವೆ. ಬೆಳ್ಳಿ ಮತ್ತು ಸೀಸದ ಅದಿರು ಕರಗಿಸಲು ಇದ್ದಿಲು ಬೇಕೆಂದು 1877ರಲ್ಲಿ ಕಟ್ಟಿದವು. ಎರಡಾಳಿಗೂ ಮೀರಿದ ಎತ್ತರದ ಹತ್ತು ಕಲ್ಲಿನ ಗೂಡುಗಳು ಸಾಲಾಗಿ ನಿಂತಿವೆ. ಮಕ್ಕಳಿಗೆ ಒಳಗೆ ಹೋಗಿ ಕೂಗಿ ಪ್ರತಿಧ್ವನಿ ಕೇಳುವ ಆಟ. ಹೊಗೆಯ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ.

ಕಣಿವೆಗೆ ಇಳಿಯುವುದಿದ್ದರೆ ಸೂರ್ಯೋದಯಕ್ಕೆ ಇಳಿಯಿರಿ. ತಗ್ಗಿನಲ್ಲಿ ಬೆಳಿಗ್ಗೆ 10ರ ನಂತರ ನಡೆಯಬೇಡಿ ಎಂಬುದು ಉದ್ಯಾನದ ರೇಂಜರ್‌ಗಳ ಖಡಾಖಂಡಿತ ಸಲಹೆ. ಮಧ್ಯಾಹ್ನ ಮರಳು ದಿಬ್ಬಗಳ ಮೇಲೆ ಚಪ್ಪಲಿ ಕಳಚಿಹೋದರೆ ಪಾದ ಸುಟ್ಟೇ ಹೋಗುತ್ತದೆ. 1972ರಲ್ಲಿ ಇಲ್ಲಿನ ನೆಲದ ಮೇಲ್ಮೈ ತಾಪ 93.9 ಡಿಗ್ರಿ ದಾಖಲಾಗಿತ್ತು. ತಾಪಮಾನ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲೆಂದೇ ನಡುಮಧ್ಯಾಹ್ನ ಪುಟ್ಟ ಮಕ್ಕಳನ್ನು ಕಾರಿನಿಂದ ಇಳಿಸುವುದು ನನಗೆ ಒಪ್ಪಿಗೆಯಾಗದ ಸಂಗತಿ. ಬಿಸಿಲು ವಿಪರೀತವಾದಾಗ ಗಾಳಿ ತೆಳುವಾಗಿ ಆಂಬುಲೆನ್ಸ್ ಹೆಲಿಕಾಪ್ಟರ್ ಕೂಡ ಹಾರಲಾರದು.

1996ರ ಜುಲೈನಲ್ಲಿ ಜರ್ಮನಿಯಿಂದ ಬಂದ ನಾಲ್ವರು, ಅವರಲ್ಲಿ ಇಬ್ಬರು ಮಕ್ಕಳು, ಬಾಡಿಗೆ ವ್ಯಾನಿನಲ್ಲಿ ಇಲ್ಲಿನ ಕಚ್ಚಾರಸ್ತೆಗೆ ಇಳಿದರು. ಟೈರು ಹೋಗಿ ನಿಂತ ವ್ಯಾನು ಕಣ್ಣಿಗೆ ಬಿದ್ದದ್ದು ಅಕ್ಟೋಬರ್‌ನಲ್ಲಿ. ಅವರು ವಾಹನ ಬಿಟ್ಟು ನಡೆದಿದ್ದರು. ದೊಡ್ಡವರ ಮೂಳೆಗಳು ಸಿಕ್ಕಿದ್ದು 2009ರಲ್ಲಿ. ಭಯಪಡಿಸಲು ಇದನ್ನು ಬರೆಯುತ್ತಿಲ್ಲ. ಕಾರು ಕೆಟ್ಟರೆ ಕಾರಿನ ಬಳಿಯೇ ಇರಬೇಕು ಎಂಬ ಒಂದು ಮಾತು ಮನೆಯವರಿಗೆಲ್ಲ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಕಾರೇ.

ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಜಿಪಿಎಸ್ ತೋರಿಸುವ ದಾರಿಗಳಲ್ಲಿ ಕೆಲವು ಈಗ ಬಳಕೆಯಲ್ಲೇ ಇಲ್ಲ. ಕಾಗದದ ನಕಾಶೆ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು, ಅದರ ಮೇಲೂ ಕಾರಿನಲ್ಲಿ ಹೆಚ್ಚುವರಿ ಇರಲಿ. ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಕೂಲರ್‌ನಲ್ಲಿ ಮಜ್ಜಿಗೆ ಇದ್ದರೆ ಅಜ್ಜ–ಅಜ್ಜಿ ಕೇಳಿ ಕುಡಿಯುತ್ತಾರೆ.

ಮರಳು ದಿಬ್ಬದ ಪಕ್ಕದಲ್ಲೇ ಟೆಂಟು ಹಾಕುವ ಆಸೆಯಿದ್ದರೆ ಅದನ್ನು ನವೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳಿಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲೇ ಹೋಗುವುದಾದರೆ ಬೆಟ್ಟದ ಮೇಲೆ ಉಳಿಯಿರಿ. ಹೊರಡುವ ಮುನ್ನ, ಯಾವ ದಾರಿಯಲ್ಲಿ ಹೋಗುತ್ತೀರಿ, ಎಂದು ಹಿಂತಿರುಗುತ್ತೀರಿ ಎಂಬುದನ್ನು ಬರೆದು ಸ್ನೇಹಿತರೊಬ್ಬರ ಕೈಗೆ ಕೊಟ್ಟೇ ಹೊರಡಿ.