ಬೀಟ್‌ರೂಟ್ ರಸ ಮತ್ತು ಶ್ವಾಸಕೋಶ ರೋಗಿಗಳ ನಡಿಗೆ

ಬೀಡಿ, ಸಿಗರೇಟು ಸೇದುವವರಲ್ಲಿಯೂ, ಸೌದೆ-ಬೆರಣಿ ಒಲೆಯ ಮುಂದೆ ವರ್ಷಗಟ್ಟಲೆ ಹೊಗೆ ಕುಡಿದ ಹೆಣ್ಣುಮಕ್ಕಳಲ್ಲಿಯೂ ಶ್ವಾಸನಾಳಗಳು ಕಿರಿದಾಗಿ ದೀರ್ಘಕಾಲದ ಶ್ವಾಸಕೋಶ ರೋಗ ಉಂಟಾಗುತ್ತದೆ. ಇಂಥವರಿಗೆ ಮನೆಯಿಂದ ಹೊಲದವರೆಗೆ ನಡೆಯುವಷ್ಟರಲ್ಲಿ ಏದುಸಿರು ಬರುತ್ತದೆ. ಹೆದರಿ ನಡೆಯುವುದನ್ನೇ ಬಿಟ್ಟರೆ ಕಾಲಿನ ಸ್ನಾಯುಗಳು ಸೊರಗಿ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ನಮ್ಮ ರೈತರು ಬೆಳೆಯುವ ಬೀಟ್‌ರೂಟ್ ಇವರಿಗೆ ಎಷ್ಟರ ಮಟ್ಟಿಗೆ ನೆರವಾಗಬಲ್ಲದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗುಣಕ್ಕೆ ಕಾರಣ

ಬೆಳೆಗಳು ಮಣ್ಣಿನಿಂದ ಸಾರಜನಕವನ್ನು ಹೆಚ್ಚಾಗಿ ನೈಟ್ರೇಟ್ ರೂಪದಲ್ಲಿ ಹೀರುತ್ತವೆ. ಬೀಟ್‌ರೂಟ್, ಪಾಲಕ್, ದಂಟು ಮುಂತಾದವು ಇದನ್ನು ತಮ್ಮಲ್ಲಿ ಶೇಖರಿಸಿಡುತ್ತವೆ. ನಾವು ತಿಂದ ನೈಟ್ರೇಟಿನ ಒಂದು ಭಾಗ ಜೊಲ್ಲಿನ ಮೂಲಕ ಮರಳಿ ಬಾಯಿಗೆ ಬರುತ್ತದೆ. ನಾಲಿಗೆಯ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದರಿಂದ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯಾಗಿ ರಕ್ತನಾಳಗಳು ಸಡಿಲಗೊಳ್ಳುತ್ತವೆ.

ಪ್ರಯೋಗದ ಫಲಿತಾಂಶ

೨೦೨೪ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗವೊಂದರಲ್ಲಿ ಈ ರೋಗವಿದ್ದ ೮೧ ಜನರು ಭಾಗವಹಿಸಿದ್ದರು. ಅವರ ರಕ್ತದೊತ್ತಡದ ಮೇಲಿನ ಅಂಕಿ ೧೩೦ಕ್ಕಿಂತ ಹೆಚ್ಚಿತ್ತು. ಒಂದು ಗುಂಪಿಗೆ ದಿನವೂ ೪೦೦ ಮಿ.ಗ್ರಾಂ ನೈಟ್ರೇಟ್ ಇರುವ ಬೀಟ್‌ರೂಟ್ ರಸವನ್ನು ೧೨ ವಾರ ಕೊಡಲಾಯಿತು. ಗೊಬ್ಬರ ಹಾಕದ ತಾಕನ್ನು ಹೋಲಿಕೆಗೆ ಇಡುವಂತೆ, ಇನ್ನೊಂದು ಗುಂಪಿಗೆ ನೈಟ್ರೇಟ್ ತೆಗೆದ ರಸವನ್ನು ಕೊಡಲಾಯಿತು. ಹೋಲಿಸಿ ನೋಡಿದಾಗ, ನೈಟ್ರೇಟ್ ಪಡೆದವರು ಆರು ನಿಮಿಷಗಳಲ್ಲಿ ನಡೆಯುವ ದೂರ ಸುಮಾರು ೩೦ ಮೀಟರಿನಷ್ಟು ಹೆಚ್ಚಿತ್ತು. ರಕ್ತದೊತ್ತಡವೂ ಸ್ವಲ್ಪ ಇಳಿದಿತ್ತು.

ಗಮನಿಸಬೇಕಾದ ಅಂಶಗಳು

೧. ಈ ರಸ ರೋಗವನ್ನು ಗುಣಪಡಿಸುವುದಿಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಬಾರದು.

೨. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು, ಕಡಿಮೆ ರಕ್ತದೊತ್ತಡ, ಮೂತ್ರಕೋಶದ ಕಲ್ಲು ಅಥವಾ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ರಸ ಕುಡಿಯಬೇಕು.

೩. ಪ್ರಯೋಗದಲ್ಲಿ ಬಳಸಿದ್ದು ಅಳತೆಯ ಗಟ್ಟಿ ರಸ. ಮನೆಯ ಗೆಡ್ಡೆಯಲ್ಲಿ ನೈಟ್ರೇಟ್ ಪ್ರಮಾಣ ತಳಿ, ಗೊಬ್ಬರ, ಬಿಸಿಲುಗಳಿಗೆ ತಕ್ಕಂತೆ ವ್ಯತ್ಯಾಸವಾಗುತ್ತದೆ. ಗೆಡ್ಡೆ ಬೇಯಿಸಿದ ನೀರನ್ನು ಚೆಲ್ಲಿದರೆ ನೈಟ್ರೇಟೂ ಅದರೊಡನೆ ಹೋಗುತ್ತದೆ.

೪. ನೈಟ್ರೇಟ್ ಹೆಚ್ಚಲೆಂದು ಅಧಿಕ ಯೂರಿಯಾ ಹಾಕಬಾರದು. ಅದು ಬಸಿದು ಬಾವಿಯ ನೀರನ್ನು ಸೇರಿದರೆ ಹಸುಗೂಸುಗಳಿಗೆ ಅಪಾಯ. ಮಣ್ಣು ಪರೀಕ್ಷೆಯ ಶಿಫಾರಸಿನಂತೆಯೇ ಗೊಬ್ಬರ ಕೊಡಬೇಕು.

ಬೀಡಿ ಬಿಡುವುದು, ಅಡಿಗೆಮನೆಯ ಹೊಗೆ ತಪ್ಪಿಸುವುದು, ವೈದ್ಯರು ಹೇಳಿದಷ್ಟು ದಿನವೂ ನಡೆಯುವುದು ಮೊದಲು. ಬೀಟ್‌ರೂಟ್ ರಸದ ಸ್ಥಾನ ಇವುಗಳ ನಂತರ.