ನೋಯದ ಗಂಟು, ತಡೆಯದ ಖಾರ

ಕ್ಯಾನ್ಸರ್ ಮೊದಲ ಹಂತದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ತಿಕೋಟಾದ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ಹೆಣ್ಣುಮಗಳು ನೋಯದ ಗಂಟಿಗಾಗಿ ಒಂದು ದಿನದ ಪಗಾರ ಬಿಟ್ಟು ವಿಜಯಪುರದ ಬಸ್ ಹತ್ತುವಳೇ? ‘ನೂಸಂಗಿಲ್ಲ ಬಿಡ್ರಿ’ ಅಂದುಬಿಡುತ್ತಾಳೆ. ನೋವು ಶುರುವಾಗುವ ಹೊತ್ತಿಗೆ ರೋಗ ಎಷ್ಟೋ ಸಲ ನರಕ್ಕೋ ಎಲುಬಿಗೋ ಹಬ್ಬಿರುತ್ತದೆ.

ಈ ಭಾಗದಲ್ಲಿ ಮೊದಲು ನೋಡಬೇಕಾದ್ದು ಬಾಯಿ. ಎಲಿ-ಅಡಿಕಿ, ದವಡೆಯಲ್ಲಿ ಇಟ್ಟುಕೊಳ್ಳುವ ತಂಬಾಕು, ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ ಎಲ್ಲವೂ ಕೆಲಸ ಮಾಡುವ ಜಾಗ ಅದೇ. ಗುಟ್ಕಾ 2013ರಲ್ಲಿ ನಿಷೇಧವಾಯಿತು. ಮಸಾಲಾ ಒಂದು ಪಾಕೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು, ಅಷ್ಟೇ. ಅಡಿಕೆ ಬೆಳೆಯುವ ರಾಜ್ಯದಲ್ಲಿ ಹೇಳಲು ಕಷ್ಟವಾದರೂ ಹೇಳಲೇಬೇಕು: ತಂಬಾಕು ಸೇರದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ಅದು ಕೆನ್ನೆಯ ಒಳಪೊರೆಯಡಿ ನಾರು ಕಟ್ಟಿಸುತ್ತದೆ. ಸುಳಿವು ಸಿಗುವುದು ಊಟದಲ್ಲಿ. ಕೆಂಪುಖಾರ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದವನಿಗೆ ಶೇಂಗಾ ಚಟ್ನಿಯೂ ಉರಿಯತೊಡಗುತ್ತದೆ. ಆಮೇಲೆ ಕೆನ್ನೆ ಬಿಳಿಚಿ ಬಿಗಿಯುತ್ತದೆ, ಬಾಯಿ ಪೂರ್ತಿ ತೆರೆಯುವುದಿಲ್ಲ. ತಮ್ಮದೇ ಮೂರು ಬೆರಳು ಜೋಡಿಸಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಬೇಕು. ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು ಕಂಡರೂ ಅಷ್ಟೇ.

ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ಹೆಂಗಸರು ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಮುಟ್ಟು ನಿಂತ ಮೇಲೆ ರಕ್ತ, ಗಂಡ-ಹೆಂಡತಿ ಕೂಡಿದ ಮೇಲೆ ರಕ್ತ, ವಾಸನೆಯ ಬಿಳಿಸೆರಗು ಇದರ ಲಕ್ಷಣಗಳು. ಇದಕ್ಕೆ ಕಾರಣ ಎಚ್‌ಪಿವಿ ವೈರಾಣು. ಆದರೆ ಲಕ್ಷಣ ಕಾಣುವ ಎಷ್ಟೋ ವರ್ಷ ಮೊದಲೇ ಇದನ್ನು ಹಿಡಿಯಬಹುದು. ನರ್ಸ್ ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ, ಅಂದರೆ ಹೆಚ್ಚುಕಡಿಮೆ ಅಡುಗೆಯ ವಿನೆಗರ್, ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಲ್ಲಿ ಪ್ರೋಟೀನು ಹೆಚ್ಚು. ಆಮ್ಲಕ್ಕೆ ಅದು ಹೆಪ್ಪುಗಟ್ಟಿ ಆ ಜಾಗವಷ್ಟೇ ಬೆಳ್ಳಗಾಗುತ್ತದೆ. ಬಾಯಿ, ಸ್ತನ, ಗರ್ಭಕೊರಳು ಮೂರರ ತಪಾಸಣೆಯೂ 30 ದಾಟಿದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಬಬಲೇಶ್ವರ ತಾಲ್ಲೂಕಿನ ಹಳ್ಳಿಯವರು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಸಿಗುತ್ತದೆ.

ಬರೀ ಮಾತಿನಿಂದ ಏನಾದೀತು ಅನ್ನುವವರು ಸೋಲಾಪುರ ದಾಟಿ ಬಾರ್ಶಿಯ ಕಡೆ ನೋಡಬೇಕು. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಅಲ್ಲಿ. ಅದರ ಕಾರ್ಯಕರ್ತರು ಊರೂರಿಗೆ ಹೋಗಿ ಲಕ್ಷಣಗಳನ್ನು ತಿಳಿಸುತ್ತಿದ್ದರು. ಯಂತ್ರವಿಲ್ಲ, ತಪಾಸಣೆಯಿಲ್ಲ. ಅಷ್ಟಕ್ಕೇ ಗರ್ಭಕೊರಳಿನ ಕ್ಯಾನ್ಸರ್ ಇದ್ದ ಹೆಂಗಸರು ಮೊದಲಿಗಿಂತ ಬೇಗನೆ, ರೋಗ ಬಲಿಯುವ ಮುನ್ನ ಆಸ್ಪತ್ರೆಗೆ ಬರತೊಡಗಿದರು ಎಂದು 1995ರ ವರದಿ ಹೇಳಿತು.

ಸ್ತನದಲ್ಲಿ ಗಂಟು, ಒಳಕ್ಕೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ ಕಂಡರೆ ತಡಮಾಡಬಾರದು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ ಅನ್ನುವುದೂ ನಿಜ. ವಾರಗಟ್ಟಲೆ ಒಡೆದ ದನಿ, ನೀರು ಕುಡಿಯದೆ ಗಂಟಲಲ್ಲಿ ಇಳಿಯದ ಸಜ್ಜಿ ರೊಟ್ಟಿ, ಮೂಲವ್ಯಾಧಿ ಅಂದುಕೊಂಡು ಬಿಟ್ಟ ರಕ್ತ ಕೂಡ ವೈದ್ಯರ ಕಣ್ಣಿಗೆ ಬೀಳಬೇಕು.

ಇಷ್ಟಾದರೂ ಕೆಲವರು ತಿರುಗಿ ಬರುವುದು ಬಯಾಪ್ಸಿಯ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವ ಕೋಣೆಯ ಬಾಗಿಲಿಂದ. ‘ಗಂಟಿಗೆ ಸೂಜಿ ಚುಚ್ಚಿದ್ರ ಹಬ್ಬತೈತಿ’ ಅಂತ ಯಾರೋ ಹೇಳಿರುತ್ತಾರೆ. ಚುಚ್ಚಿದ್ದರಿಂದ ಹಬ್ಬುವುದಿಲ್ಲ, ಬಿಟ್ಟ ತಿಂಗಳುಗಳಲ್ಲಿ ಹಬ್ಬುತ್ತದೆ. ಆ ಚೂರನ್ನು ಸೂಕ್ಷ್ಮದರ್ಶಕದಡಿ ನೋಡದೆ ಅದು ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಬಗೆಯದು, ಯಾವ ಔಷಧಿಗೆ ಮಣಿಯುತ್ತದೆ ಎಂದು ಯಾವ ವೈದ್ಯರೂ ಹೇಳಲಾರರು.